ಕಾಳಿನಂಗಡಿಯ ಮೇಲೆ ಇಳಿದ ಪಾರಿವಾಳ

ಚಿತ್ತವಾಡ್ಗಿಯಲ್ಲಿ ಕೊಟ್ರಬಸಮ್ಮನದು ಪಾರಿವಾಳದ ಕಾಳಿನ ಅಂಗಡಿ. ಸಜ್ಜೆ, ನವಣೆ, ಮೆಕ್ಕೆಜೋಳ, ಒಂದಿಷ್ಟು ಪಂಜರ. ಗಂಡ ಎರ್ರಿಯಪ್ಪ ಅಂಗಡಿ ಇಟ್ಟಾಗ ಓಣಿಯವರು ನಕ್ಕಿದ್ದರು. “ಮನಷ್ಯಾರಿಗೇ ಕೂಳಿಲ್ಲ, ಹಕ್ಕಿಗೆ ಅಂಗಡಿ ಇಟ್ಟಾನ ನೋಡ್ರಿ” ಅಂದಿದ್ದರು.

ಆಗ ಪಾರಿವಾಳ ಹಾರಿಸುವವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ದಾರಿ ತಪ್ಪಿ ಬಂದ ಹಕ್ಕಿ ಹಿಡಿದವನ ಪಾಲು. ರೆಕ್ಕೆ ಕತ್ತರಿಸಿ ಬಚ್ಚಿಡುತ್ತಿದ್ದರು. ಅದಕ್ಕೇ ತಲೆ ಒಡೆದುಕೊಂಡದ್ದೂ ಉಂಟು. ಎರ್ರಿಯಪ್ಪ ಒಂದು ಕಟ್ಟಳೆ ಮಾಡಿದ. ಸಿಕ್ಕ ಹಕ್ಕಿಯನ್ನು ಅವನ ಅಂಗಡಿಯ ಪಂಜರಕ್ಕೆ ತಂದು ಬಿಡಬೇಕು. ಒಡೆಯ ಬಂದು ಒಯ್ಯಬೇಕು, ಹಿಡಿದವರಿಗೆ ಒಂದು ಸೇರು ಕಾಳು ಕೊಡಿಸಬೇಕು. ಇಬ್ಬರು ನನ್ನದು ಅಂದರೆ, ಭಾನುವಾರ ಎಲ್ಲರ ಕಣ್ಣೆದುರು ಹಾರಿಬಿಡುವುದು. ಎಲ್ಲಿ ಇಳಿಯಿತೋ ಅವರದು.

ಕಮಲಾಪುರ, ಕಂಪ್ಲಿ, ಟಿ.ಬಿ. ಡ್ಯಾಂ ಕಡೆಯವರೆಲ್ಲ ಭಾನುವಾರಕ್ಕೆ ಅಂಗಡಿಯ ಮುಂದೆ ಸೇರತೊಡಗಿದರು. ಹಕ್ಕಿ ಕೇಳಲು ಬಂದವರು ಕಾಳು ಒಯ್ದರು. ಜಗಳ ನಿಂತಿತು, ಮನೆಯ ಒಲೆ ಉರಿಯಿತು.

ಆಮೇಲೆ ಅದಿರಿನ ಕಾಲ ಬಂತು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಯೊಂದು ಎರ್ರಿಯಪ್ಪನನ್ನೂ ಅವನ ಸೈಕಲ್ಲನ್ನೂ ಒಂದೇ ಮುದ್ದೆ ಮಾಡಿ ಹೋಯಿತು. ಮಣ್ಣು ಮಾಡಿದ ಮೇಲೆ ಕೊಟ್ರಬಸಮ್ಮ ಅಂಗಡಿಯಲ್ಲಿ ಕೂತಳು. ಬೇರೆ ದಾರಿ ಇರಲಿಲ್ಲ.

ಹಿಂದಿನ ಓಣಿಯ ಹುಸೇನಮ್ಮ ಒಂದು ದಿನ ಬಿಳಿ ಮರಿ ಹಕ್ಕಿಯೊಂದನ್ನು ಹಿಡಿದು ತಂದು ಪಂಜರಕ್ಕೆ ಬಿಟ್ಟಳು. ಕಂಪ್ಲಿಯ ಮಾರೆಪ್ಪ ಬಂದು ತನ್ನದೆಂದ. ಅದೇ ದಿನ ಜೀಪೊಂದು ಬಂದು ನಿಂತಿತು. ಇಳಿದವನು ಅದಿರು ಸಾಹುಕಾರನ ಆಳು. ಸಾಹುಕಾರನಿಗೆ ಹೊಸದಾಗಿ ಹಕ್ಕಿಯ ಹುಚ್ಚು ಹಿಡಿದಿತ್ತು.

“ಇದು ನಮ್ಮದು. ಕೊಡಮ್ಮ.”

“ಇಬ್ಬರು ಕೇಳಾಕತ್ತೀರಿ. ಭಾನುವಾರ ಹಾರಿಬಿಡ್ತೀವ್ರಿ. ನಮ್ಮ ಕಟ್ಟಳೆ ಹಂಗ ಐತ್ರಿ.” ಕೊಟ್ರಬಸಮ್ಮ ಆಡಿದ ಮಾತು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಅವನು ನಕ್ಕ. “ಸಾಹುಕಾರ್ರು ಗೋವಾಕ್ಕ ಹೋಗ್ಯಾರ. ಅವ್ರು ಬಂದ ಮ್ಯಾಲೆ ಹಾರಿಸು. ನಮ್ಮ ಕಡೆ ಹಾರಲಿಲ್ಲ ಅಂದ್ರ ನಿನ್ನ ಅಂಗಡಿ ಮ್ಯಾಲಿನ ತಗಡಿನ ಪತ್ರಾಸ್ ಹಾರತೈತಿ, ನೋಡ್ಕೊ.”

ಸಾಹುಕಾರ ಬರುವುದು ತಿಂಗಳಾಯಿತು. ಜೀಪಿನವರಿಗೆ ಕೊಟ್ಟರೆ ಹಕ್ಕಿಯ ಜನ ಮತ್ತೆ ಹೊಸ್ತಿಲು ತುಳಿಯುವುದಿಲ್ಲ. ಕೊಡದಿದ್ದರೆ ಅಂಗಡಿಯೇ ಇರುವುದಿಲ್ಲ. ಭಯಕ್ಕೆ ಕೊಟ್ರಬಸಮ್ಮ ಪಂಜರದ ಹತ್ತಿರವೇ ಕೂತು ಹಕ್ಕಿಗೆ ಮತ್ತೆ ಮತ್ತೆ ಕಾಳು ಹಾಕಿದಳು, ಕೈ ಮೇಲೆ ಕೂರಿಸಿಕೊಂಡು ಮಾತಾಡಿದಳು. ಎರ್ರಿಯಪ್ಪ ಬೇರೆಯವರ ಹಕ್ಕಿ ಇದ್ದಾಗ ಪಂಜರಕ್ಕೆ ಚೀಲ ಹೊದಿಸುತ್ತಿದ್ದ. ಕೆಂಧೂಳು ಬೀಳದಿರಲಿ ಅಂತ ಇರಬೇಕೆಂದು ಅವಳು ತಿಳಿದಿದ್ದಳು. ಪಾಪ, ಗಾಳಿಯಾಡಲಿ ಎಂದು ಚೀಲ ತೆಗೆದಳು.

ಸಾಹುಕಾರ ಬಂದ ಮೇಲಿನ ಭಾನುವಾರ ಜನ ಸೇರಿದರು. ಜೀಪೂ ಬಂತು. ಪಂಜರದ ಬಾಗಿಲು ತೆಗೆಯುವಾಗ ಅವಳ ಬಳೆಯಿಲ್ಲದ ಮುಂಗೈ ತಂತಿಗೆ ತರಚಿತು. ಹಕ್ಕಿ ಮೇಲೇರಿತು. ಮೂಡಣಕ್ಕೆ ತಿರುಗಿತು, ಕಂಪ್ಲಿಯ ಕಡೆ. ಮಾರೆಪ್ಪ ತುದಿಗಾಲಲ್ಲಿ ನಿಂತ. ಮತ್ತೆ ತೆಂಕಣಕ್ಕೆ ತಿರುಗಿತು, ಸಾಹುಕಾರನ ಮನೆಯ ಕಡೆ. ಜೀಪಿನವನು ಕೈ ತಟ್ಟಿದ. ಹಕ್ಕಿ ಒಂದು ಸುತ್ತು ಹಾಕಿ ಕೆಳಗೆ ಬಂದು, ಕೊಟ್ರಬಸಮ್ಮನ ಅಂಗಡಿಯ ಪತ್ರಾಸಿನ ಮೇಲೆಯೇ ಇಳಿದು ರೆಕ್ಕೆ ಕೊಕ್ಕಿನಲ್ಲಿ ತೀಡಿಕೊಳ್ಳುತ್ತ ಕೂತಿತು.

ಚೀಲ ಯಾಕೆ ಹೊದಿಸುತ್ತಿದ್ದ ಅನ್ನುವುದು ಅವಳಿಗೆ ಆಗ ತಿಳಿಯಿತು. ಹಕ್ಕಿ ಜಾಗ ನೋಡಿಕೊಳ್ಳಬಾರದು, ಅದಕ್ಕೆ. ತಿಂಗಳಿಡೀ ನೋಡಿದ ಈ ಅಂಗಡಿಯನ್ನೇ ಅದು ಮನೆ ಅಂದುಕೊಂಡಿತ್ತು.

“ಸಾಕಿ ಪಳಗಿಸೀಯೇನಲೇ, ಕಳ್ಳಿ?” ಜೀಪಿನವನು ಪತ್ರಾಸಿಗೆ ಕೈ ಹಚ್ಚಿದ.

“ಏ, ಕೈ ತಗಿಯಲೇ!” ಹುಸೇನಮ್ಮ ಗದರಿದಳು. “ಎಲ್ಲಿ ಇಳೀತೋ ಅವರದು. ಕೊಟ್ರಬಸಮ್ಮನ ಅಂಗಡಿ ಮ್ಯಾಗ ಇಳದೈತಿ. ಮುಗೀತು.”

“ಮುದುಕಿ, ನೀ ಯಾರು ಹೇಳಾಕ?”

“ನಾ ಹಿಡಿದಾಕಿ. ನನಗ ಒಂದು ಸೇರು ಕಾಳು ಬರಬೇಕು. ಹೋಗಿ ಕೇಳು, ನಿಮ್ಮ ಸಾಹುಕಾರ ಕೊಡ್ತಾನೇನು?”

ಯಾರೋ ಕಿಸಕ್ಕನೆ ನಕ್ಕರು. ನಕ್ಕವರು ಜಾಗ ಬಿಟ್ಟು ಹೋಗಲಿಲ್ಲ. ಒಬ್ಬೊಬ್ಬರಾಗಿ ಅಂಗಡಿಯ ಮುಂದಿನ ನೆಲದಲ್ಲಿ ಕೂತರು. ಕಮಲಾಪುರದವರು, ಡ್ಯಾಮಿನವರು, ಕಂಪ್ಲಿಯವರು. ಜೀಪಿನವನು ಅಷ್ಟೂ ತಲೆಗಳನ್ನು ನೋಡಿದ. “ನೋಡ್ಕೊಂತೀನಿ” ಅಂದು ಹೋದ.

ಕೊಟ್ರಬಸಮ್ಮ ಮಾರೆಪ್ಪನನ್ನು ಪಕ್ಕಕ್ಕೆ ಕರೆದಳು. “ಮಾರೆಪ್ಪಣ್ಣ, ಹಕ್ಕಿ ನಿಂದು ಅಂತ ನನಗ ಗೊತ್ತೈತಿ. ಒಯ್ಯಪ್ಪ.”

“ಬ್ಯಾಡಕ್ಕ. ಇವತ್ತ ನಾ ಒಯ್ದೆ ಅಂದ್ರ ಕಟ್ಟಳೆ ಮುರೀತೈತಿ. ನಾಳೆ ಜೀಪಿನವ್ರು ಬಂದು ನಿನ್ನೇ ಕೇಳ್ತಾರ.” ಅವನು ಎಂದಿನಂತೆ ತನ್ನ ಹಕ್ಕಿಗಳಿಗೆ ಸಜ್ಜೆ ಅಳೆಸಿಕೊಂಡ. ಹೊರಟವನು ನಿಂತ. “ಸಂಜೀಕ ಅದಕ್ಕ ಮೆಕ್ಕೆಜೋಳ ಹಾಕಬ್ಯಾಡ. ಅರಗಾಂಗಿಲ್ಲ. ಅದರ ತಾಯಿಗೂ ಹಂಗ.”

ಹೊತ್ತು ಇಳಿಯಿತು. ಜನ ಲುಂಗಿ ಕೊಡವಿಕೊಂಡು ಏಳತೊಡಗಿದರು. ಹೋಗುವ ಒಂದೊಂದು ಬೆನ್ನನ್ನೂ ಅವಳು ನೋಡಿದಳು. ಇರುಳಿಗೆ ಜೀಪು ಮತ್ತೆ ಬಂದರೆ?

“ಹುಸೇನಮ್ಮ, ಚಾ ಇಡ್ತೀನಿ. ಕುಂದರು.”

ಹುಸೇನಮ್ಮ ಅವಳ ಮುಖ ನೋಡಿದಳು. ಕಾಳಿನ ಚೀಲಕ್ಕೆ ಒರಗಿ ಕಾಲು ಚಾಚಿದಳು. “ಇಡು. ನನ್ನ ಮಗಳಿಗೆ ಹೇಳಿ ಕಳಸು, ಹಾಸಿಗಿ ತರಲಿ.”