ದಾರ ಕಟ್ಟಿದ ಪುಸ್ತಕ

ತೊಂಬತ್ತರ ದಶಕದಲ್ಲಿ ನಾನು ವಿದ್ಯಾರಣ್ಯಪುರಂನ ಒಂದು ಸಣ್ಣ ಲೈಬ್ರರಿಯಲ್ಲಿ ಲೈಬ್ರೇರಿಯನ್ ಆಗಿದ್ದೆ. ಮುಖ ನೋಡಿದರೆ ಸಾಕು, ಯಾರಿಗೆ ಯಾವ ಪುಸ್ತಕ ಹಿಡಿಸುತ್ತದೆಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು.

ಆ ಜಂಬ ಇಳಿಸಿದವಳು ಒಂಬತ್ತು ವರ್ಷದ ಹುಡುಗಿ. ಅವಳ ಅಜ್ಜಿ ಪ್ರತಿ ಶನಿವಾರ ಕರೆತರುತ್ತಿದ್ದರು. ನಾನು ಕೊಟ್ಟದ್ದನ್ನೆಲ್ಲ ಅವಳು ಎರಡು ಪುಟ ಓದಿ ವಾಪಸ್ ಇಡುತ್ತಿದ್ದಳು. ರಾಜಕುಮಾರಿ ಬೇಡ, ಮಾತಾಡುವ ನರಿಯೂ ಬೇಡ. "ಕೊನೇಲಿ ಬುದ್ಧಿ ಹೇಳ್ತಾರೆ ಅಂಕಲ್," ಎನ್ನುತ್ತಿದ್ದಳು.

"ಇವತ್ತೂ ಸಿಗಲಿಲ್ಲ ಅಂದ್ರೆ ಕಾರ್ಡ್ ವಾಪಸ್ ಕೊಟ್ಬುಡ್ತೀನಿ ಕಣ್ರೀ," ಎಂದು ಅಜ್ಜಿ ಒಂದು ದಿನ ಹೇಳಿಯೇಬಿಟ್ಟರು.

ನಾನು ಏಣಿ ಹತ್ತಿ ಮೇಲಿನ ಕಪಾಟು ತಡಕುತ್ತಿದ್ದಾಗ ಕೆಳಗಿನಿಂದ ಕಿಲಕಿಲ ನಗು ಕೇಳಿತು. ಹುಡುಗಿ, ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದ್ದ ದೂರಿನ ಪುಸ್ತಕ ಓದುತ್ತಿದ್ದಳು!

"ಮಧ್ಯಾಹ್ನ ಲೈಬ್ರೇರಿಯನ್ನರ ಗೊರಕೆಯಿಂದ ಓದಲು ಆಗುತ್ತಿಲ್ಲ," ಎಂದು ಗಟ್ಟಿಯಾಗಿ ಓದಿದಳು. ಅದರ ಕೆಳಗೆ ನಾನೇ ಕೆಂಪು ಶಾಯಿಯಲ್ಲಿ ಬರೆದ ಉತ್ತರ: "ಪರಿಶೀಲಿಸಲಾಗಿದೆ. ಅದು ಫ್ಯಾನಿನ ಸದ್ದು." ಅದಕ್ಕೂ ಕೆಳಗೆ ಓದುಗರ ಮರುತ್ತರ: "ಆ ಹೊತ್ತು ಕರೆಂಟೇ ಇರಲಿಲ್ಲ ಸ್ವಾಮಿ."

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದರು. ನಾನು ಏಣಿಯಿಂದ ಇಳಿಯಲೇ ಇಲ್ಲ.

"ಇದನ್ನ ಮನೆಗೆ ಕೊಡ್ತೀರಾ ಅಂಕಲ್?"

"ಇಲ್ಲ ಪುಟ್ಟಿ, ಇಲ್ಲೇ ಓದ್ಬೇಕು."

"ಸರಿ, ಮುಂದಿನ ವಾರ ಬರ್ತೀನಿ. ಅಷ್ಟರಲ್ಲಿ ಹೊಸದು ಬರೆದಿರ್ತಾರಲ್ವಾ?"

ಅಜ್ಜಿ ಕಾರ್ಡ್ ವಾಪಸ್ ಕೊಡಲಿಲ್ಲ. ಮಗುವಿನ ಓದು ನಿಲ್ಲಬಾರದೆಂಬ ಒಂದೇ ಕಾರಣಕ್ಕೆ ನಾನೂ ಮಧ್ಯಾಹ್ನದ ನಿದ್ದೆಯನ್ನು ನಿಷ್ಠೆಯಿಂದ ಮುಂದುವರಿಸಿದೆ.