‘ಬ್ಯಾಸರ ಇಲ್ರೀ’

ಕ್ಯಾನ್ಸರ್ ಬಂದರೂ ತನ್ನ ಅವ್ವ, ಅಂದರೆ ನಮ್ಮ ಆಯಿ, ಒಂದು ದಿನವೂ ಬೇಸರಪಡಲಿಲ್ಲ ಎಂದು ಮುನವಳ್ಳಿಯ ನಮ್ಮ ಮನೆಗೆ ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದ. ಚರ್ಚಾಸ್ಪರ್ಧೆಯಲ್ಲಿ ಇಂಥ ವಾದವನ್ನು ನಾನು ಎರಡು ನಿಮಿಷ ನಿಲ್ಲಗೊಡುವುದಿಲ್ಲ. ಆಧಾರ ಏನು? ಡಾಕ್ಟರು ಮೂರು ಸಲ ಕೇಳಿದರು, ಆಯಿ ಮೂರು ಸಲವೂ ಇಲ್ಲ ಅಂದಳು. ಅಷ್ಟೇ.

ಆ ಮೂರೂ ಸಲ ಬೆಳಗಾವಿಯ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. “ಅಜ್ಜಿ, ಬೇಸರ ಆಗುತ್ತಾ?” ಎಂದು ಮೈಸೂರು ಕಡೆಯ ಆ ಡಾಕ್ಟರಮ್ಮ ಕೇಳುವುದು. “ಛೇ ಛೇ, ಇಲ್ರೀ! ನಿಮ್ಮ ಜೋಡಿ ಎಂಥಾ ಬ್ಯಾಸರ? ಮಗಳಿದ್ದಂಗ ಅದೀರಿ!” ಎಂದು ಆಯಿ ಅವರ ಕೈ ಹಿಡಿಯುವುದು. ಡಾಕ್ಟರು ಕೇಳಿದ್ದು ಮನಸ್ಸು ಕುಗ್ಗಿದೆಯೇ ಎಂದು; ಬ್ಯಾಸರ ಅಂದರೆ ಅವಳ ಲೆಕ್ಕದಲ್ಲಿ ಎದುರಿಗಿದ್ದವರ ಮೇಲಿನ ಮುನಿಸು. ಅದನ್ನು ಡಾಕ್ಟರ ಮುಂದೆ ಯಾವ ಮರ್ಯಾದಸ್ಥೆ ಒಪ್ಪಿಯಾಳು? ಅವರೂ ‘ಇಲ್ಲ’ ಎಂದು ಬರೆದುಕೊಂಡರು.

ಮನೆಯಲ್ಲಿ ಆಯಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ರೊಟ್ಟಿ ಮುಟ್ಟಲಿಲ್ಲ. ಇನ್ನು ಕೀಮೋಕ್ಕೆ ಬರುವುದೇ ಇಲ್ಲ ಎಂದಳು. “ಕ್ಯಾನ್ಸರ್ ಅಂದಮ್ಯಾಗ ಹಿಂಗ ಇರತೈತಿ” ಎಂದ ಅಪ್ಪ. ಕಾಲು ಮುರಿದರೆ ನೋವೂ ಇರುತ್ತದೆ. ಹಾಗಂತ ನೋವಿನ ಗುಳಿಗೆ ಬೇಡವೇ?

ನಾಲ್ಕನೆಯ ಸಲ ಬೆಳಗಾವಿಗೆ ಬಲವಂತವಾಗಿ ಕರೆದೊಯ್ದು, ಪ್ರಶ್ನೆ ನಾನೇ ಕೇಳಿದೆ. “ಆಯಿ, ಕಡೀಕ ಯಾರ ಜೋಡಿ ಜಗಳಾ ಆಡಿದಿ?”

ಓಣಿಗೆಲ್ಲ ಜಗಳಕ್ಕೆ ಹೆಸರಾದ ಆಯಿ ಬಹಳ ಹೊತ್ತು ನೆನಪು ಮಾಡಿಕೊಂಡಳು. “ಜಗಳಾ ಆಡಾಕೂ ಮನಸ ಇಲ್ಲವಾ. ಎದ್ದು ಏನ ಮಾಡೂದೈತಿ?”

ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ಖಿನ್ನತೆ, ಇದಕ್ಕೂ ಔಷಧ ಇದೆ ಎಂದರು. ಕ್ಯಾನ್ಸರಿನ ಔಷಧಗಳ ಚೀಟಿಯನ್ನೆಲ್ಲ ತಿರುವಿ, ಅವುಗಳಿಗೆ ಹೊಂದುವಂಥ ಗುಳಿಗೆ ಬರೆದರು. ಗುಣ ಕಾಣಲು ಕೆಲವು ವಾರ ಬೇಕು, ನೀವಾಗಿಯೇ ನಿಲ್ಲಿಸಬೇಡಿ ಎಂದರು.

ಎರಡು ವಾರ ಏನೂ ಆಗಲಿಲ್ಲ. “ನಿನ್ನ ಪಾರ್ಟಿ ಸೋತಿತು” ಎಂದು ಅಪ್ಪ ಕೆಣಕಿದ. ಐದನೆಯ ವಾರ ಆಯಿ ತಾನೇ ಸೀರೆ ಉಟ್ಟು ಅಪ್ಪನ ಮತ್ತು ನನ್ನ ಜೊತೆ ಕೀಮೋಕ್ಕೆ ಹೊರಟಳು. ಬಸ್ ಬದಲಿಸಲು ಇಳಿದ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಪೇರಲಹಣ್ಣಿನವನ ಬುಟ್ಟಿಗೆ ಕೈ ಹಾಕಿದವಳು ಸಿಡಿದೇಬಿಟ್ಟಳು.

“ಇದಕ್ಕ ಪೇರಲ ಅಂತಾರೇನೋ? ಕಲ್ಲ ಐತಿ! ನನ್ನ ಬಾಯಾಗ ಹಲ್ಲ ಅದಾವು, ಮಷಿನ್ ಇಲ್ಲ!”

“ಮಷಿನ್ ಐತಿ ಬಿಡ್ರಿ ಆಯಿ, ಕೇಳಸಾಕತ್ತೈತಿ!” ಎಂದ ಹಣ್ಣಿನವ.

ಸೆರಗು ಜಾರಿ ಬೋಳುತಲೆ ಬಿಸಿಲಿಗೆ ಮಿಂಚಿತು. ಆಯಿಗೆ ಅದರ ಖಬರಿಲ್ಲ. ಜನ ಸೇರಿದರು. ಅವಳ ಜಗಳಕ್ಕೆ ಸದಾ ನಾಚುತ್ತಿದ್ದ ಅಪ್ಪ, “ಬೈ ಯವ್ವಾ, ಇನ್ನೊಂದೀಟ ಬೈ!” ಎಂದು ಕಣ್ಣು ಒರೆಸಿಕೊಳ್ಳುತ್ತ ಕುಣಿದ. ನಾನು ನಕ್ಕೂ ನಕ್ಕೂ ಬಿಕ್ಕಳಿಸಿದೆ. ಆ ಕಲ್ಲುಪೇರಲದ ಬುಟ್ಟಿಯನ್ನೇ ಕೊಂಡು ಬಸ್ ಹತ್ತಿದೆವು.

ಸೀಟಿನಲ್ಲಿ ಕುಳಿತವಳೇ ಆಯಿ, “ಇನ್ನ ಆ ಗುಳಿಗಿ ಸಾಕವಾ. ಆರಾಮ ಅದೇನಿ” ಎಂದಳು.

ನೀವಾಗಿಯೇ ನಿಲ್ಲಿಸಬೇಡಿ ಎಂದ ಡಾಕ್ಟರ ಮಾತು ನೆನಪಾಗಿ ನನ್ನ ನಗು ನಿಂತಿತು. “ಡಾಕ್ಟರಿಗೆ ಮರ್ಯಾದಿಗಂತ ಇಲ್ರೀ ಅಂದಿದ್ದಿ. ಈಗ ನಮಗ ಆರಾಮ ಅನ್ನೂದು ಖರೇನೋ ಆಯಿ, ಇದೂ ಮರ್ಯಾದಿನೋ?”