ಎಣ್ಣೆಯೊಳಗಿನ ಗುಳ್ಳೆ

ನೀರಿನಡಿ ಮದ್ದು ಸಿಡಿದಾಗ ಹುಟ್ಟುವ ಒತ್ತಡವನ್ನು ಅಳೆಯುವ ಸೆನ್ಸರುಗಳನ್ನು ಆ ಪ್ರಯೋಗಾಲಯದಲ್ಲಿ ಕೈಯಲ್ಲೇ ಮಾಡುತ್ತಿದ್ದರು. ಮಾಡುತ್ತಿದ್ದವಳು ಒಬ್ಬಳೇ. ಬೆರಳುದ್ದದ ಪಾರದರ್ಶಕ ಕೊಳವೆ, ಅದರೊಳಗೆ ಅಂಗಿಯ ಗುಂಡಿಗಿಂತ ಚಿಕ್ಕ ಹರಳು, ಹರಳಿನ ಸುತ್ತ ತಿಳಿ ಎಣ್ಣೆ. ಒತ್ತಡದ ಅಲೆ ಬಡಿದರೆ ಹರಳು ತಂತಿಯಲ್ಲಿ ಚೂರು ವಿದ್ಯುತ್ತು ಕಳಿಸುತ್ತದೆ. ಇಪ್ಪತ್ತಾರು ವರ್ಷ ಎಣ್ಣೆ ತುಂಬಿ ತುಂಬಿ ಅವಳಿಗೆ ಎಣ್ಣೆಯಕ್ಕ ಎಂಬ ಹೆಸರೇ ನಿಂತುಬಿಟ್ಟಿತ್ತು.

ತುಂಬಿದ ಮೇಲೆ ಕೊಳವೆಯನ್ನು ಗಾಳಿ ಹೀರುವ ಪಂಪಿಗೆ ಹಾಕಬೇಕು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ತಲೆಕೆಳಗು ಮಾಡಿ, ಒಳಗೆ ಗುಳ್ಳೆ ಓಡಾಡುತ್ತದೆಯೇ ಎಂದು ನೋಡಬೇಕು. ಒಂದು ವರ್ಷದಿಂದ ಅವಳು ಬೆಳಕಿಗೆ ಹಿಡಿಯುತ್ತಿದ್ದಳು, ತಿರುಗಿಸುತ್ತಿದ್ದಳು. ಕಾಣುತ್ತಿರಲಿಲ್ಲ, ಅಷ್ಟೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನೆಯಲ್ಲಿ ಗಂಡ ಪೇಪರ್ ಓದಿ ಹೇಳೆಂದರೆ ಸುಸ್ತು ಎನ್ನುತ್ತಿದ್ದಳು. ಸುಸ್ತಂತೂ ಸುಳ್ಳಲ್ಲ. ಆಪರೇಷನ್ ಮಾಡಿಸು ಅಂತ ಮಗಳು ಗಂಟುಬಿದ್ದಿದ್ದಳು. ಮಾಡಿಸಿದರೆ ಕಚೇರಿಗೆ ಕಣ್ಣಿನ ಪ್ರಮಾಣಪತ್ರ ಕೊಡಬೇಕು. ಅದು ಸರಿಬರದಿದ್ದರೆ ಉಗ್ರಾಣದಲ್ಲಿ ಕೂತು ಪೆಟ್ಟಿಗೆ ಎಣಿಸಬೇಕು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಹೇಗೋ ತಳ್ಳಿಬಿಡೋಣ ಎಂದುಕೊಂಡಿದ್ದಳು.

ಕಳೆದ ವಾರ ನೀರು ತುಂಬಿದ ಹಳೆಯ ಕಲ್ಲುಕ್ವಾರಿಯಲ್ಲಿ ಪರೀಕ್ಷೆ ನಡೆಯಿತು. ನಡುವೆ ಮದ್ದು, ಸುತ್ತ ಸಮದೂರದಲ್ಲಿ ನಾಲ್ಕು ಸೆನ್ಸರು. ಎಡಗಡೆಯ ಎರಡು, ಬಲಗಡೆಯವುಗಳಿಗಿಂತ ಮೂರನೇ ಒಂದು ಪಾಲು ಕಡಿಮೆ ಒತ್ತಡ ತೋರಿಸಿದವು. ಪ್ರಯೋಗಾಲಯದ ಸಾಹೇಬರು ಆ ಎರಡನ್ನೂ ಒತ್ತಡದ ಪಾತ್ರೆಗೆ ಹಾಕಿಸಿ ಅಳತೆ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ತಪ್ಪು ಮದ್ದಿನದೇ, ತುಂಬಿದವನು ಒಂದು ಕಡೆಗೆ ಸಡಿಲವಾಗಿ ತುಂಬಿದ್ದಾನೆ ಎಂದು ತೀರ್ಮಾನಿಸಿದರು. ಮದ್ದು ತುಂಬುವವನಿಗೆ ನೋಟಿಸ್ ಹೋಯಿತು. ಸೋಮವಾರದೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಮದ್ದು ಮುಟ್ಟುವ ಪರವಾನಗಿ ರದ್ದು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಅಕ್ಕನಿಗೆ ನಿದ್ದೆ ಹತ್ತಲಿಲ್ಲ. ಪಾತ್ರೆಯಲ್ಲಿ ಒತ್ತಡ ನಿಧಾನವಾಗಿ ಏರುತ್ತದೆ. ಗುಳ್ಳೆಯಿದ್ದರೆ ಅದು ಮುದುಡಿಕೊಂಡು ಸುಮ್ಮನಿರುತ್ತದೆ, ಅಳತೆ ಸರಿಯಾಗಿಯೇ ಬರುತ್ತದೆ. ಸಿಡಿತದ ಅಲೆಯ ಮುಂದೆ ಮಾತ್ರ ಅದೇ ಗುಳ್ಳೆ ಪೆಟ್ಟನ್ನು ತಾನು ನುಂಗಿ ಹರಳಿಗೆ ಅರ್ಧಂಬರ್ಧ ಬಿಡುತ್ತದೆ. ಆ ಎರಡನ್ನೂ ಅವಳು ಒಂದೇ ಮಧ್ಯಾಹ್ನ ತುಂಬಿದ್ದಳು.

ಶುಕ್ರವಾರ ಮದ್ದಿನವನು ಬಿಳಿ ಹಾಳೆ ಹಿಡಿದು ಅವಳ ಕೋಣೆಗೇ ಬಂದ. ಹತ್ತೊಂಬತ್ತು ವರ್ಷದಿಂದ ಅವಳ ಕಾಲೆಳೆಯುತ್ತ ಬಂದವನು ಅವನು. ಉತ್ತರ ಬರೆಯಲು ಇಲ್ಲಿ ಮೇಜು ಚೆನ್ನಾಗಿದೆ ಎಂದ. ಅರ್ಧ ಗಂಟೆಯಲ್ಲಿ 'ಮಾನ್ಯರೇ' ಎಂಬಲ್ಲಿಂದ ಮುಂದೆ ಹೋಗಿರಲಿಲ್ಲ. ಅಳತೆ ಮುಗಿದು ಅವಳ ಕೋಣೆಗೆ ವಾಪಸು ಬಂದಿದ್ದ ಆ ಎರಡು ಸೆನ್ಸರುಗಳಲ್ಲಿ ಒಂದನ್ನು ಅವಳು ಡ್ರಾಯರಿನಿಂದ ತೆಗೆದು ಅವನ ಕೈಗಿಟ್ಟಳು.

"ಬೆಳಕಿಗೆ ಹಿಡಿದು ತಿರುಗಿಸೋ. ಒಳಗೇನಾದ್ರೂ ಓಡಾಡುತ್ತಾ ನೋಡು."

"ನಿನ್ನ ಕೆಲಸಾನೂ ನಾನೇ ಮಾಡ್ಬೇಕಾ?" ಎಂದು ಗೊಣಗಿ ಅವನು ಕಿಟಕಿಯ ಬಳಿ ಹೋದ. "ಹ್ಞೂಂ, ಇದೆ. ಸಾಸಿವೆಯಷ್ಟು. ಹರಳಿನ ಹಿಂದೆ ಹೋಗಿ ಅವಿತುಕೊಳ್ತು. ನಿನ್ನ ಥರಾನೇ ಕಳ್ಳ."

ಇನ್ನೊಂದರಲ್ಲೂ ಇತ್ತು. ಅದರ ಅರ್ಥ ಅವನಿಗೆ ಗೊತ್ತಿರಲಿಲ್ಲ. ಮತ್ತೆ ಹಾಳೆಯ ಮುಂದೆ ಕೂತ. ಅವಳು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನಿಂತಳು. ಬಿಚ್ಚಿ ಮತ್ತೆ ಎಣ್ಣೆ ತುಂಬಿದರೆ ಹತ್ತು ನಿಮಿಷದ ಕೆಲಸ, ಯಾರಿಗೂ ತಿಳಿಯುವುದಿಲ್ಲ. ಅವನು ಪೆನ್ನಿನ ಹಿಂಬದಿ ಕಚ್ಚುತ್ತಿದ್ದ ಸದ್ದು ಕೇಳುತ್ತಿತ್ತು. ಮೊಣಕಾಲು ನೋಯುತ್ತಿದ್ದರೂ ಮೆಟ್ಟಿಲು ಹತ್ತಿ ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ದೊಡ್ಡದು ನಿಮ್ಮ ಕಣ್ಣು ಹೇಗೆ ತಪ್ಪಿಸಿತು ಎಂದು ಕೇಳಿದರು.

"ನನಗೆ ಕಾಣಿಸಲ್ಲ ಸರ್. ಒಂದು ವರ್ಷ ಆಯ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಒಂದು ವರ್ಷದಲ್ಲಿ ಅವಳು ತುಂಬಿದ್ದನ್ನೆಲ್ಲ ಮತ್ತೆ ನೋಡಬೇಕು, ಪರೀಕ್ಷೆ ಮತ್ತೆ ಆಗಬೇಕು, ನೋಟಿಸ್ ಹಿಂದಕ್ಕೆ ಪಡೆಯುತ್ತೇನೆ ಎಂದರು. ಪರೀಕ್ಷೆಗೆ ನಾಲ್ಕು ಹೊಸ ಸೆನ್ಸರು ಇವತ್ತೇ ತುಂಬಿಕೊಡಬೇಕು, ಬೇರೆಯವರು ನೋಡಿ ಸಹಿ ಹಾಕಲಿ. ಮುಂದಿನ ವಾರದಿಂದ ಉಗ್ರಾಣ.

ಅವಳು ಇಳಿದು ಬಂದು ಮದ್ದಿನವನಿಗೆ ಎಲ್ಲ ಹೇಳಿದಳು. ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟ. ಒಂದು ವಾರ ಹೆಂಡತಿ ಮಕ್ಕಳಿಗೆ ಮುಖ ತೋರಿಸಲು ಆಗಿರಲಿಲ್ಲ, ಮೊದಲೇ ಬಾಯಿ ಬಿಡಬಾರದಿತ್ತೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಅವಳು ಕುರ್ಚಿಯ ಮೇಲೆ ಕೂತು, ಎಣ್ಣೆಯ ಬಾಟಲಿ ಹತ್ತಿರ ಎಳೆದುಕೊಂಡಳು.

ಅವನು ಬಾಗಿಲವರೆಗೆ ಹೋದ, ನಿಂತ, ವಾಪಸು ಬಂದು ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡ.

"ಒಂದು ವರ್ಷದಿಂದ ನನ್ನ ಮುಖಾನೂ ಸರಿಯಾಗಿ ಕಂಡಿಲ್ಲ ಅನ್ನು. ಅದಕ್ಕೇ ಜಗಳ ಕಮ್ಮಿ ಆಗಿತ್ತು."

ಅವಳಿಗೆ ನಗು ಬರಲಿಲ್ಲ. ಕೊಳವೆಗೆ ಎಣ್ಣೆ ತುಂಬಿ ಪಂಪಿಗೆ ಹಾಕಿದಳು, ಪಂಪು ನಿಂತ ಮೇಲೆ ಅವನ ಕೈಗೆ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಇದೆ ಅಕ್ಕ, ಒಂದು. ಮತ್ತೆ ಹಾಕು."

ಅವಳು ಕೈ ಚಾಚಿ ಕೊಳವೆ ಇಸಿದುಕೊಂಡು ಮತ್ತೆ ಪಂಪಿಗೆ ಹಾಕಿದಳು.